ದುಡ್ಡು ಕೊಟ್ಟು ತಂದ ಶಾಪ

ಏಪ್ರಿಲ್ ಕೊನೆ. ಅಮೆರಿಕದ ಇಲಿನಾಯ್ ರಾಜ್ಯದ ನೇಪರ್‌ವಿಲ್‌ನಲ್ಲಿ ಶೀನಿ ಮನೆಯ ಹಿತ್ತಲು, ಕೈಯಲ್ಲಿ ಕಾಫಿ. ಎದುರಿಗೆ ಬರಿಮಣ್ಣಿನ ಪಾತಿ, ತಲೆಗೊಂದು ಫಲಕ.

"ಯಾರನ್ನೋ ಹೂತಿದೀಯ?" ಅಂದ ನಾಣಿ.

"ಬಟರ್‌ಫ್ಲೈ ವೀಡ್ ಕಣೋ. ಇಲ್ಲಿನ ಪ್ರೇರಿ ಹುಲ್ಲುಗಾವಲಿನ ಗಿಡ. ಬೇರು ಆಳಕ್ಕಿಳಿದ ಮೇಲೆ ನೀರು ಬೇಡ, ಗೊಬ್ಬರ ಬೇಡ."

"ಗಿಡಾನೂ ಬೇಡ ಅಂತ ಕಾಣುತ್ತೆ."

"ಇದು ಎಲ್ಲಕ್ಕಿಂತ ತಡವಾಗಿ ಏಳೋದು. ಮೇ ಬರ್ಲಿ."

"ನಿನ್ನ ಮಗನ ಹಾಗೆ."

ಒಳಗಿಂದ ಪದ್ಮ: "ಬೀಜಕ್ಕೆ ಚಳಿ ತೋರಿಸ್ಬೇಕಂತೆ ನಾಣಿಯವರೇ! ಹೋದ ವರ್ಷ ಒದ್ದೆ ಬಟ್ಟೆ ಸುತ್ತಿ ಒಂದು ತಿಂಗಳು ಫ್ರಿಜ್ಜಲ್ಲಿಟ್ಟಿದ್ರು. ದೋಸೆಹಿಟ್ಟಿಗೆ ಜಾಗ ಇಲ್ಲ. ಅಗಸೆ ಅಂದ್ಕೊಂಡು ಚಟ್ನಿಪುಡಿಗೆ ಹುರೀತಿದ್ದೆ, ಸ್ವಲ್ಪದರಲ್ಲಿ ತಪ್ಪಿತು."

ಮೂರ್ತಿ ಕನ್ನಡಕ ಏರಿಸಿದ. "ಮಿಲ್ಕ್‌ವೀಡ್ ಕುಲ ಇದು. ಮೊನಾರ್ಕ್ ಚಿಟ್ಟೆಯ ಹುಳಕ್ಕೆ ಬೇರೆ ಸೊಪ್ಪು ಸೇರಲ್ಲ. 2017ರಲ್ಲಿ ಇಲಿನಾಯ್ ಈ ಮಿಲ್ಕ್‌ವೀಡನ್ನ ರಾಜ್ಯದ ಕಾಡುಹೂವು ಅಂತ ಮಾಡ್ತು. ನಮ್ಮ ಎಕ್ಕದ ಬಳಗ."

ನಾಣಿ ಲೋಟ ಕೆಳಗಿಟ್ಟ. "ಎಕ್ಕಾನಾ? ನಮ್ಮಜ್ಜಿ ಸಿಟ್ಟು ಬಂದ್ರೆ 'ನಿನ್ನ ಮನೆ ಎಕ್ಕುಟ್ಟೋಗ' ಅಂತಿದ್ಲು. ಮನೆ ಹಾಳುಬಿದ್ದು ಎಕ್ಕ ಹುಟ್ಲಿ ಅಂತ. ಅಜ್ಜಿ ಪುಕ್ಕಟೆ ಕೊಡ್ತಿದ್ದಿದ್ದನ್ನ ಇವನು ಡಾಲರ್ ಕೊಟ್ಟು ತಂದು, ಫ್ರಿಜ್ಜಲ್ಲಿಟ್ಟು ಸಾಕಿದಾನೆ!"

"ಇದರಲ್ಲಿ ಎಕ್ಕದ ಥರ ಹಾಲು ಬರಲ್ಲ," ಅಂದ ಶೀನಿ.

"ಸರಿ, ಕೆನೆ ತೆಗೆದ ಶಾಪ. ಫಲಕ ಯಾಕೆ?"

"ಬಡಾವಣೆ ಸಂಘದವರು ಕಳೆ ಕೀಳಿ ಅಂತ ಕಾಗದ ಹಾಕಿದ್ರು. ಇದು ಕಳೆಯಲ್ಲ ಅಂತ ಬರೆಸಿ ನೆಟ್ಟೆ."

"ಏನೂ ಎದ್ದಿಲ್ವಲ್ಲೋ, ಕೀಳೋದೇನು?"

"ಒಂದು ಕಾಲಕ್ಕೆ ಈ ರಾಜ್ಯದ ಬಹುಪಾಲು ಪ್ರೇರಿನೇ," ಮೂರ್ತಿ ಬಿಡಲಿಲ್ಲ. "1837ರಲ್ಲಿ ಜಾನ್ ಡಿಯರ್ ಉಕ್ಕಿನ ನೇಗಿಲು ಮಾಡಿದ. ಈಗ ಎಲ್ಲಿ ನೋಡು, ಮುಸುಕಿನಜೋಳ, ಸೋಯಾ."

"ಅಷ್ಟನ್ನೂ ಉತ್ತು ಹಾಕಿ, ಈಗ ನಾಲ್ಕಡಿ ಪಾತಿಯಲ್ಲಿ ತಿಥಿ."

ಎಲ್ಲರೂ ನಕ್ಕರು. ಶೀನಿ ಮಾತ್ರ ಫೋನ್ ತೆಗೆದು ನಾಣಿ ಕೈಗೆ ಕೊಟ್ಟ. ಚಳ್ಳಕೆರೆ ಹತ್ತಿರದ ಅವರ ಹಳೇ ಮನೆ. ಅಮ್ಮ ಹೋದ ಮೇಲೆ ಬೀಗ ಹಾಕಿದ್ದು. ಚಿಕ್ಕಪ್ಪನ ಮಗ ಫೋಟೋ ಕಳಿಸಿದ್ದ.

"ಮೆಟ್ಟಿಲ ಸಂದೀಲಿ ನೋಡು. ನೀರು ಹಾಕೋರಿಲ್ಲ, ಗೊಬ್ಬರ ಹಾಕೋರಿಲ್ಲ. ಎದೆಮಟ್ಟ ಬೆಳೆದಿದೆ."

ನಾಣಿ ಬೆರಳಲ್ಲಿ ಫೋಟೋ ಹಿಗ್ಗಿಸಿ ಹಿಗ್ಗಿಸಿ ನೋಡಿದ.

"ಚಿಟ್ಟೆ ಬರುತ್ತಂತಾ?"

"ಕೇಳಿಲ್ಲ ಕಣೋ."