ರಾಕೆಟ್ ವಿಡಿಯೋ ತೋರಿಸಿ ‘ಚಂದ್ರನ ಮೇಲೆ ಯಾರೂ ಇಳಿದಿಲ್ಲ’ ಅನ್ನುವ ಮಾವ: ನಿಮ್ಮ ಮನೆಯಲ್ಲಿ ಏನು ಮಾಡಿದಿರಿ?

ಜಮಖಂಡಿ ಅಮ್ಮ:
ನಮ್ಮ ಸೋದರಮಾವ ಯಾವ ಕಾರ್ಯಕ್ರಮಕ್ಕೆ ಬಂದರೂ ಅದೇ ವಿಡಿಯೋ ತೆಗೆಯುತ್ತಾರೆ. 2014ರಲ್ಲಿ ಅಮೆರಿಕದ ನೆವಾಡಾ ಮರುಭೂಮಿಯಿಂದ ಹವ್ಯಾಸಿಗಳು ಹಾರಿಸಿದ ಗೋಫಾಸ್ಟ್ ರಾಕೆಟ್ ಅದು. ಗಿರಗಿರ ತಿರುಗುತ್ತಾ ಏರುತ್ತದೆ, ಒಮ್ಮೆಲೇ ತಿರುಗುವುದು ನಿಲ್ಲುತ್ತದೆ. “ನೋಡು, ಆಕಾಶದ ಗುಮ್ಮಟಕ್ಕೆ ಬಡಿಯಿತು. ಅದರಾಚೆ ಯಾರೂ ಹೋಗಿಲ್ಲ, ಚಂದ್ರನ ಕಥೆ ಸುಳ್ಳು” ಅನ್ನುತ್ತಾರೆ. ಈಗ ಎಂಟನೇ ಕ್ಲಾಸಿನ ನನ್ನ ಮಗನೂ ಅದನ್ನೇ ಹೇಳುತ್ತಿದ್ದಾನೆ. ಮುಂದಿನ ತಿಂಗಳು ತೊಟ್ಟಿಲು ಕಾರ್ಯಕ್ರಮಕ್ಕೆ ಮಾವ ಬರುತ್ತಾರೆ. ವಾದ ಮಾಡಬೇಕಾ, ಸುಮ್ನಿರಬೇಕಾ?

ವಿಜಯಪುರದವ:
ಏನಾದರೂ ಮಾಡಿ ಅಕ್ಕಾರ, ಟೆಲಿಸ್ಕೋಪ್ ಮಾತ್ರ ಕೊಳ್ಳಬೇಡಿ. ನಮ್ಮ ಕಾಕಾನಿಗೆ ತೋರಿಸಬೇಕು ಅಂತ ನಾಲ್ಕೂವರೆ ಇಂಚಿನದು ತರಿಸಿದೆ. 14,800 ರೂಪಾಯಿ, ಮೇಲೆ ಪಾರ್ಸೆಲ್‌ಗೆ 650. ಬರುವಷ್ಟರಲ್ಲಿ ಒಳಗಿನ ಕನ್ನಡಿ ಅಲುಗಾಡಿತ್ತು. ಮಾರಿದವರು ಫೋನೇ ಎತ್ತಲಿಲ್ಲ. ಮಾಳಿಗೆ ಮೇಲೆ ಹನ್ನೊಂದು ರಾತ್ರಿ ಕೂತು ನಾನೇ ಸರಿ ಮಾಡಿದೆ. ಸ್ಟ್ಯಾಂಡಿನ ಒಂದು ಕಾಲು ಮುರಿಯಿತು, ವೆಲ್ಡಿಂಗ್‌ಗೆ 300. ಕೊನೆಗೆ ಕಾಕಾ ಬಂದು ಕಣ್ಣಿಟ್ಟು ನೋಡಿ, “ಧ್ವಜ ಎಲ್ಲಿ?” ಅಂದರು. ಅಷ್ಟೇ. ಆ ಅಳತೆಯ ಟೆಲಿಸ್ಕೋಪಿನಲ್ಲಿ ಚಂದ್ರನ ಮೇಲೆ ಎರಡು ಕಿಲೋಮೀಟರ್‌ಗಿಂತ ಸಣ್ಣದು ಬಿಡಿಯಾಗಿ ಕಾಣುವುದಿಲ್ಲ. ಕೊಳ್ಳುವ ಮೊದಲು ನನಗಿದು ಗೊತ್ತಿರಲಿಲ್ಲ. ಕಾಕಾ ಇವತ್ತಿಗೂ ಎಲ್ಲರ ಮುಂದೆ “ಇವನೇ ತೋರಿಸಿದ, ಏನೂ ಇರಲಿಲ್ಲ” ಅನ್ನುತ್ತಾರೆ. ಹೊಟ್ಟೆ ಉರಿಯುತ್ತದೆ.

ಗೋಕಾಕ ಲೇಥ್:
ಕಣ್ಣಿಗೆ ತೋರಿಸಿದರೆ ಆಗುವುದಿಲ್ಲ, ಕೈಗೆ ಕೊಡಬೇಕು. ತಿರುಗುವ ರಾಕೆಟ್ಟಿನಿಂದ ತಂತಿಗೆ ಕಟ್ಟಿದ ಎರಡು ತೂಕ ಬಿಚ್ಚಿಕೊಂಡು ದೂರ ಹೋದರೆ ತಿರುಗಾಟವನ್ನು ಅವೇ ಒಯ್ಯುತ್ತವೆ. ವಿಡಿಯೋದ ರಾಕೆಟ್ ನಿಂತದ್ದೂ ಹೀಗೇ. ಈ ಉಪಾಯಕ್ಕೆ ಯೋ-ಯೋ ಅನ್ನುತ್ತಾರೆ. ನಾಸಾದ ಡಾನ್ ನೌಕೆಯನ್ನು 2007ರಲ್ಲಿ ಹಾರಿಸಿದಾಗಲೂ ಇದೇ ಉಪಾಯ ಇತ್ತು. ನಾನು ಮೂರಿಂಚಿನ ಪಿವಿಸಿ ಪೈಪಿಗೆ ಎರಡು ಬೇರಿಂಗ್ ಕೂರಿಸಿದೆ, 180 ರೂಪಾಯಿ. ಮೊದಲು ನೈಲಾನ್ ದಾರ ಹಾಕಿದೆ, ಜಗ್ಗಿಕೊಂಡಿತು. ಎರಡನೇ ಸಲ ಒಂದು ತೂಕ ತಡವಾಗಿ ಬಿಚ್ಚಿತು, ಸ್ಟ್ಯಾಂಡೇ ಉರುಳಿತು. ಮೂರನೇ ಸಲ ತೂಕಕ್ಕೆ ಕಟ್ಟಿದ್ದ ನಟ್ ಹಾರಿ ಪಕ್ಕದ ಮನೆಯ ಕಿಟಕಿ ಗಾಜು ಹೋಯಿತು, 1,150 ರೂಪಾಯಿ ಕೊಟ್ಟೆ. ನಾಲ್ಕನೇ ಸಲ ಪೈಪ್ ಗಕ್ಕನೆ ನಿಂತಿತು, ವಿಡಿಯೋದಲ್ಲಿ ನಿಂತ ಹಾಗೇ! ನಮ್ಮ ಮಾವ ತಾವೇ ಐದು ಸಲ ತಿರುಗಿಸಿ ನೋಡಿದರು. ‘ಬಡಿಯಿತು’ ಅನ್ನುವ ಮಾತು ಅವತ್ತೇ ಬಿಟ್ಟರು.

ವಿಜಯಪುರದವ:
ಪೈಪ್ ನಿಂತರೆ ಮನುಷ್ಯ ಚಂದ್ರನ ಮೇಲೆ ಇಳಿದ ಅಂತ ಆಯಿತಾ? ಅಮೆರಿಕದವರು ಚಂದ್ರನಿಗೆ ಹೋದ ಅಪೊಲೊ 11, 14, 15 ಯಾನಗಳಲ್ಲಿ ಇಟ್ಟುಬಂದ ಕನ್ನಡಿಗಳಿಗೆ ಲೇಸರ್ ಬಿಟ್ಟರೆ ಎರಡೂವರೆ ಸೆಕೆಂಡಿನಲ್ಲಿ ಬೆಳಕು ವಾಪಸ್ ಬರುತ್ತದೆ. ಹೇಳಬೇಕಾದದ್ದು ಅದು.

ಗೋಕಾಕ ಲೇಥ್:
ಹೇಳಿ ಸರ್, ಹೇಳಿ. ನಿಮ್ಮ ಕಾಕಾ ಎಷ್ಟು ಕೇಳಿದರು ಅಂತ ನೀವೇ ಬರೆದಿದ್ದೀರಿ.

ಬಾದಾಮಿ ಮೇಷ್ಟ್ರು (ನಿವೃತ್ತ):
ಇಬ್ಬರೂ ಸರಳ ಲೆಕ್ಕ ಬಿಟ್ಟಿರಿ. ಆ ರಾಕೆಟ್ ಏರಿದ್ದು ಸುಮಾರು 117 ಕಿಲೋಮೀಟರ್. ಬೆಳಗಾವಿ ಬಿಟ್ಟು ಬಾಗಲಕೋಟೆ ಮುಟ್ಟುವುದರೊಳಗೆ ಮುಗಿಯುವ ದೂರ. ಚಂದ್ರ ಇರುವುದು 3,84,000 ಕಿಲೋಮೀಟರ್ ಆಚೆ. 2024ರಲ್ಲಿ ಅಮೆರಿಕದ ಕಾಲೇಜು ಹುಡುಗರ ರಾಕೆಟ್ 143 ಕಿಲೋಮೀಟರ್ ಏರಿತು. 117ರಲ್ಲಿ ಗುಮ್ಮಟ ಇದ್ದರೆ ಅದು ಹೇಗೆ ದಾಟಿತು?

ಆದರೆ ನನ್ನ ಮಾತು ಕೇಳಿ, ಸುಮ್ನಿರಿ. 2023ರ ಆಗಸ್ಟ್ 23ರ ಸಂಜೆ ಚಂದ್ರಯಾನ-3 ಇಳಿಯುವುದನ್ನು ಗೆಳೆಯನ ಮನೆಯಲ್ಲಿ ನೋಡಿದೆ. ಮೂವತ್ತು ವರ್ಷ ಒಂದೇ ಶಾಲೆಯಲ್ಲಿ ಪಾಠ ಮಾಡಿದವರು ನಾವು. “ನಮ್ಮದು ನಿಜ, ಅವರದು ಸುಳ್ಳು” ಅಂದ. ನಾನು ತಡೆಯಲಿಲ್ಲ. ಚಂದ್ರಯಾನ-3ರಲ್ಲಿ ಇಳಿದ ವಿಕ್ರಮ್ ಮೇಲೆ ನಾಸಾ ಕೊಟ್ಟ, ಲೇಸರ್ ಬೆಳಕು ಮರಳಿಸುವ ಪುಟ್ಟ ಪ್ರತಿಫಲಕ ಇದೆ, ಅಪೊಲೊ 11 ಇಳಿದ ಜಾಗವನ್ನು ನಮ್ಮ ಚಂದ್ರಯಾನ-2 ಫೋಟೋ ತೆಗೆದಿದೆ ಅಂದೆ. ಅವನ ಅಳಿಯಂದಿರ ಎದುರೇ ಅಂದೆ. ಅರ್ಧ ಕುಡಿದ ಚಹಾ ಬಿಟ್ಟು ಒಳಗೆ ಹೋದ. ಅವತ್ತಿನಿಂದ ಮಾತಿಲ್ಲ. ನನ್ನ ಹೆಂಡತಿ ಹದಿನೇಳು ದಿನ ಆಸ್ಪತ್ರೆಯಲ್ಲಿದ್ದಳು, ನೋಡಲು ಬರಲಿಲ್ಲ.

ಖಾನಾಪುರ ತಾಯಿ:
ಸುಮ್ನಿರಿ ಅನ್ನುವುದು ಸುಲಭ ಸರ್. ನಾನು ಸುಮ್ನಿದ್ದೆ. ಮಗಳಿಗೆ ಹತ್ತನೇ ಕ್ಲಾಸಿನಲ್ಲಿ 92 ಪರ್ಸೆಂಟ್. ಅವಳ ದೊಡ್ಡಪ್ಪ ಇಂಥವೇ ವಿಡಿಯೋ ತೋರಿಸಿ, ಸೈನ್ಸ್ ಪುಸ್ತಕ ಎಲ್ಲಾ ಸುಳ್ಳು ಅಂತ ತಲೆಗೆ ತುಂಬಿದರು. ಹಿರಿಯರ ಎದುರು ಮಾತಾಡಬಾರದು ಅಂತ ನಾನು ಒಳಗೆ ರೊಟ್ಟಿ ಬಡಿಯುತ್ತಿದ್ದೆ. ಅವಳು ಕಾಮರ್ಸ್ ತೊಗೊಂಡಳು. ವರ್ಷ ಮುಗಿಯುವಷ್ಟರಲ್ಲಿ ಸೈನ್ಸೇ ಬೇಕು ಅಂತ ಅತ್ತಳು. ಕಟ್ಟಿದ ಫೀ 28,000 ಕಾಲೇಜಿನವರು ಮರಳಿ ಕೊಡಲಿಲ್ಲ. ಮತ್ತೆ ಅಡ್ಮಿಷನ್, ಮತ್ತೆ ಪುಸ್ತಕ, ಬಸ್ ಪಾಸ್. ಒಂದು ವರ್ಷ ಹೋಯಿತು. ಅವಳ ಗೆಳತಿಯರೆಲ್ಲ ಮುಂದೆ ಹೋದರು. ನಿಮಗೆ ಹೋದದ್ದು ಗೆಳೆಯ, ನನ್ನ ಮಗಳದು ವರ್ಷ.

ಬಾದಾಮಿ ಮೇಷ್ಟ್ರು (ನಿವೃತ್ತ):
ತಂಗೀ, ಗೆಳೆಯ ಹೋದದ್ದು ಸಣ್ಣದು ಅನ್ನಬೇಡ.

ಖಾನಾಪುರ ತಾಯಿ:
ಸಣ್ಣದು ಅನ್ನಲಿಲ್ಲ ಸರ್. ಆ ಅಮ್ಮನ ಮಗ ಎಂಟನೇ ಕ್ಲಾಸು. ಅದನ್ನು ಯಾರೂ ನೋಡುತ್ತಿಲ್ಲ.

ವಿಜಯಪುರದವ:
ಇನ್ನೊಂದು ಮಾತು. ಗುಮ್ಮಟ ಗುಮ್ಮಟ ಅನ್ನುವವರು ನಮ್ಮೂರಿಗೆ ಬರಲಿ. ಗೋಳಗುಮ್ಮಟದೊಳಗೆ ಒಂದು ಚಪ್ಪಾಳೆ ಹೊಡೆದರೆ ಏಳು ಸಲ ಮರಳುತ್ತದೆ. ಮನುಷ್ಯ ಕಟ್ಟಿದ್ದು, ಅಳತೆ ಇದೆ, ಹತ್ತಿ ನೋಡಬಹುದು. ಆಕಾಶದ ಗುಮ್ಮಟ ಯಾರು ಹತ್ತಿದ್ದಾರೆ?

ಗೋಕಾಕ ಲೇಥ್:
ಏಳಲ್ಲ, ಹತ್ತು. ಮಕ್ಕಳ ಜೊತೆ ಹೋದಾಗ ಎಣಿಸಿದ್ದೇನೆ.

ವಿಜಯಪುರದವ:
ಹುಟ್ಟಿದಾಗಿಂದ ಇಲ್ಲೇ ಇದ್ದೇನೆ. ಒಂದು ದಿನ ಬಂದವರು ನನಗೆ ಹೇಳಬೇಡಿ. ಭಾನುವಾರದ ಗದ್ದಲದಲ್ಲಿ ಬೇರೆಯವರ ಚಪ್ಪಾಳೆ ಎಣಿಸಿರುತ್ತೀರಿ.

ಗೋಕಾಕ ಲೇಥ್:
ಬುಧವಾರ ಬೆಳಿಗ್ಗೆ ಆರೂವರೆಗೆ ಹೋಗಿದ್ದೆ. ನಾವು ನಾಲ್ಕೇ ಜನ ಇದ್ದೆವು.

ಜಮಖಂಡಿ ಅಮ್ಮ:
ಜಗಳ ಸಾಕು ಅಣ್ಣಂದಿರೇ. ಖಾನಾಪುರದ ಅಕ್ಕ ಬರೆದದ್ದು ಓದಿ ರಾತ್ರಿ ನಿದ್ದೆ ಬರಲಿಲ್ಲ. ಮಾವನಿಗೆ ಅಲ್ಲ, ಮೊದಲು ಮಗನಿಗೆ ಆ ಪೈಪ್ ಮಾಡಿಕೊಡುತ್ತೇನೆ. ಗೋಕಾಕದ ಅಣ್ಣಾ, ಬೇರಿಂಗ್ ಯಾವ ನಂಬರ್?

ಗೋಕಾಕ ಲೇಥ್:
6202, ಎರಡು. ನೈಲಾನ್ ಬೇಡ, ಹತ್ತಿ ದಾರ ಹಾಕಿ. ನಟ್ ಬದಲು ಒದ್ದೆ ಬಟ್ಟೆಯ ಗಂಟು ಕಟ್ಟಿ, ಗಾಜು ಉಳಿಯುತ್ತದೆ. ಎರಡೂ ಗಂಟು ಒಂದೇ ತೂಕ ಇರಲಿ, ತಕ್ಕಡಿಯಲ್ಲಿ ತೂಗಿ. ಹುಡುಗನನ್ನು ಹತ್ತು ಅಡಿ ದೂರ ನಿಲ್ಲಿಸಿ. ಮೊದಲ ಸಲ ನಿಲ್ಲದಿದ್ದರೆ ದಾರದ ಉದ್ದ ಸ್ವಲ್ಪ ಹೆಚ್ಚು ಮಾಡಿ.