ದಿ ಎಲ್ ವರ್ಡ್ ಗುಂಪಲ್ಲಿ ಮತ್ತೆ ನೋಡೋಕೆ ಪ್ಲ್ಯಾನ್ ಬೇಕು: ಯಾವ ಎಪಿಸೋಡ್ ಬಿಡಬಹುದು? (ಸ್ಪಾಯ್ಲರ್ ಇದೆ)

ಸಂಪಿಗೆ_ರಸ್ತೆ:
ಬೆಂಗಳೂರಲ್ಲಿ ಐದು ಜನ ಭಾನುವಾರ ಸಂಜೆ ಸೇರಿ ದಿ ಎಲ್ ವರ್ಡ್ (ಲಾಸ್ ಏಂಜಲೀಸ್‌ನ ಲೆಸ್ಬಿಯನ್ ಗೆಳತಿಯರ ಕಥೆಯ ಅಮೆರಿಕನ್ ಸೀರಿಯಲ್) ಮೊದಲಿಂದ ನೋಡ್ಬೇಕು ಅಂತಿದ್ದೀವಿ. ಮೂವರು ಹಳೇ ಫ್ಯಾನ್‌ಗಳು. ಇನ್ನಿಬ್ಬರು ಅದರ ಮುಂದುವರಿಕೆ ಜನರೇಷನ್ ಕ್ಯೂ ಮಾತ್ರ ನೋಡಿರೋರು, ಹಾಗಾಗಿ ಮುಖ್ಯ ಪಾತ್ರಗಳಲ್ಲೊಬ್ಬಳಾದ ಜೆನ್ನಿ ಸಾಯ್ತಾಳೆ ಅಂತ ಅವರಿಗೆ ಗೊತ್ತು. ಒಟ್ಟು ಆರು ಸೀಸನ್, 70 ಎಪಿಸೋಡ್. ವಾರಕ್ಕೆ ಎರಡರ ಹಾಗೆ ನೋಡಿದ್ರೂ 35 ವಾರ ಹಿಡಿಯುತ್ತೆ, ಅಷ್ಟು ದಿನ ಎಲ್ಲರನ್ನೂ ಹಿಡಿದಿಡೋದು ಕಷ್ಟ.

ಯಾವುದನ್ನ ಬಿಟ್ಟರೆ ಕಥೆ ಕೆಡಲ್ಲ? ಆರನೇ ಸೀಸನ್ ನೋಡ್ಲೇಬೇಕಾ? ಎಪಿಸೋಡ್ ಮುಗಿದ ಮೇಲೆ ಮಾತುಕತೆ ಪ್ರತಿ ಸಲ "ಜೆನ್ನಿ ಕಂಡ್ರೆ ಆಗಲ್ಲ" ಅನ್ನೋದಕ್ಕೇ ಬಂದು ನಿಲ್ಲದ ಹಾಗೆ ಏನು ಮಾಡ್ಬಹುದು?

ಪ್ಲಾನೆಟ್_ಕಾಫಿ:
ಮೊದಲು ನಂಬರ್ ವಿಷಯ ಸರಿ ಮಾಡ್ಕೊಳ್ಳಿ. ಪೈಲಟ್, ಅಂದ್ರೆ ಮೊಟ್ಟಮೊದಲ ಎಪಿಸೋಡ್, ಸುಮಾರು ಒಂದೂವರೆ ಗಂಟೆ ಇದೆ. ಕೆಲವು ಕಡೆ ಅದನ್ನ ಎರಡು ಭಾಗ ಮಾಡಿ ಮೊದಲ ಸೀಸನ್‌ಗೆ 14 ಎಪಿಸೋಡ್ ತೋರಿಸ್ತಾರೆ, ಕೆಲವು ಕಡೆ 13. ವಾಟ್ಸಾಪ್ ಗ್ರೂಪಲ್ಲಿ "ಎಂಟನೇದು ನೋಡ್ಕೊಂಡು ಬನ್ನಿ" ಅಂದ್ರೆ ಅರ್ಧ ಜನ ಬೇರೆ ಎಪಿಸೋಡ್ ನೋಡಿರ್ತಾರೆ. ಹೆಸರು ಹೇಳಿ. ಪೈಲಟ್ ಒಂದನ್ನ ಬಿಟ್ಟು ಉಳಿದೆಲ್ಲ ಹೆಸರೂ ಎಲ್ ಅಕ್ಷರದಿಂದಲೇ ಶುರು, ಹುಡುಕೋದು ಸುಲಭ.

ಮೊದಲ ಮೂರು ಸೀಸನ್‌ನಲ್ಲಿ ಏನನ್ನೂ ಬಿಡಬೇಡಿ: 13, 13, 12. ನಾಲ್ಕನೇದರಲ್ಲಿ ಮೊದಲ ಆರು ಮತ್ತು ಕೊನೇದು ಸಾಕು. ಜೋಡಿ, ಟಾಶಾ, ಫಿಲಿಸ್ ಅನ್ನೋ ಮೂರು ಹೊಸ ಪಾತ್ರಗಳೂ ಆ ಆರರಲ್ಲೇ ಪರಿಚಯ ಆಗ್ತಾರೆ. ಐದನೇದರಲ್ಲಿ ಮೊದಲನೇದು, ಆಮೇಲೆ ಕೊನೇ ನಾಲ್ಕು. ಆ ನಾಲ್ಕರಲ್ಲಿ ಮೊದಲು ಬರೋದು "ಲಿಕ್ವಿಡ್ ಹೀಟ್": ಕರೆಂಟ್ ಹೋಗಿ, ಒಂದು ಕಾಲದ ಸಂಗಾತಿಗಳಾದ ಬೆಟ್, ಟೀನಾ ಲಿಫ್ಟಲ್ಲಿ ಸಿಕ್ಕಿಹಾಕಿಕೊಳ್ಳೋದು. ಆರನೇದರಲ್ಲಿ ಮೊದಲನೇದು, ಕೊನೇದು. ಎಲ್ಲ ಸೇರಿ 52. ಪೈಲಟ್‌ಗೆ ಒಂದು ಭಾನುವಾರ ಪೂರ್ತಿ ಇಟ್ಟರೂ ಆರು ತಿಂಗಳ ಮೇಲೆ ಒಂದೆರಡು ವಾರದಲ್ಲಿ ಮುಗಿಯುತ್ತೆ.

ಐದು ಗಂಟೆಗೇ ಶುರು ಮಾಡಿ. ಎರಡು ಎಪಿಸೋಡ್‌ಗೆ ಹತ್ತಿರ ಹತ್ತಿರ ಎರಡು ಗಂಟೆ, ಮಾತಿಗೆ ಒಂದು ಗಂಟೆ. ದೂರದವರಿಗೆ ಮೆಟ್ರೋ ಆರಾಮಾಗಿ ಸಿಗುತ್ತೆ.

ಶೆಕ್ಟರ್_ಪರ:
ಆರನೇ ಸೀಸನ್ ವಿಷಯದಲ್ಲಿ ಪ್ಲಾನೆಟ್ ಅವರ ಮಾತು ನಾನು ಒಪ್ಪಲ್ಲ. ಇರೋದೇ ಎಂಟು ಎಪಿಸೋಡ್. ಮೊದಲನೇದರ ಶುರುವಲ್ಲೇ ಈಜುಕೊಳದಲ್ಲಿ ಜೆನ್ನಿ ಹೆಣ ಸಿಗುತ್ತೆ, ಅಲ್ಲಿಂದ ಕಥೆ ಹಿಂದಕ್ಕೆ ಹೋಗುತ್ತೆ. ನಡುವಿನ ಆರರಲ್ಲಿ ಒಬ್ಬೊಬ್ಬರಿಗೂ ಜೆನ್ನಿ ಮೇಲೆ ಸಿಟ್ಟು ಬರೋಕೆ ಕಾರಣ ಕಟ್ಟಿದ್ದಾರೆ: ಗೆಳತಿ ಆಲಿಸ್ ಬರೆದ ಸಿನಿಮಾ ಕಥೆ, ಮಾಲಿ ಅನ್ನೋ ಹುಡುಗಿ ಇನ್ನೊಬ್ಬ ಗೆಳತಿ ಶೇನ್‌ಗೆ ಬರೆದ ಪತ್ರ, ಕಾಣೆಯಾದ ಸಿನಿಮಾ ನೆಗೆಟಿವ್. ಇದನ್ನೆಲ್ಲ ಬಿಟ್ಟು ಕೊನೇ ಎಪಿಸೋಡ್ "ಲಾಸ್ಟ್ ವರ್ಡ್" ಹಾಕಿದ್ರೆ ಹೊಸಬರಿಗೆ ಪೊಲೀಸರು ಯಾಕೆ ಇಷ್ಟು ಜನರನ್ನ ವಿಚಾರಿಸ್ತಿದ್ದಾರೆ ಅಂತಲೇ ಗೊತ್ತಾಗಲ್ಲ. ಕೊಂದಿದ್ದು ಯಾರು ಅಂತ ಕೊನೇಗೂ ಹೇಳಲ್ಲ, ಅದನ್ನ ಮುಂಚೆಯೇ ತಿಳಿಸಿಬಿಡಿ. ಆಗ ಆಲಿಸ್ ಪಾತ್ರವನ್ನ ಜೈಲಲ್ಲಿಟ್ಟು "ದಿ ಫಾರ್ಮ್" ಅಂತ ಇನ್ನೊಂದು ಸೀರಿಯಲ್‌ಗೆ ಪೈಲಟ್ ತೆಗೆದಿದ್ರು, ಚಾನೆಲ್ ಅದನ್ನ ಮುಂದುವರಿಸಲಿಲ್ಲ. ಮೂಲ ಸೀರಿಯಲ್‌ನ ಕೊನೆ ಹಾಗೆ ಬಾಯಿ ತೆರೆದುಕೊಂಡೇ ಉಳೀತು.

ಇನ್ನು ಜೆನ್ನಿ. ಪೈಲಟ್‌ನಲ್ಲಿ ಅವಳು ಶಿಕಾಗೋದಿಂದ ಬಂದು ತನ್ನ ಹುಡುಗ ಟಿಮ್ ಮನೆ ಸೇರಿದ ಕೂಡಲೇ ಬೇಲಿ ಸಂದಿಯಿಂದ ಪಕ್ಕದ ಮನೆ ಈಜುಕೊಳದಲ್ಲಿ ಶೇನ್ ಇನ್ನೊಬ್ಬ ಹೆಂಗಸಿನ ಜೊತೆ ಇರೋದನ್ನ ನೋಡ್ತಾಳೆ. ಆ ಕೊಳ ಬೆಟ್, ಟೀನಾ ಮನೇದು. ಬೇಲಿ ಹಿಂದೆ ನಿಂತು ನೋಡೋದು, ಆಮೇಲೆ ಅದನ್ನ ಬರೆಯೋದು, ಇಡೀ ಸೀರಿಯಲ್‌ನಲ್ಲಿ ಅವಳ ಕೆಲಸವೇ ಇದು. ಎರಡನೇ ಸೀಸನ್‌ನಲ್ಲಿ ಜೊತೆಗೆ ವಾಸವಿರೋ ಮಾರ್ಕ್ ಅವಳ ಮನೆಯಲ್ಲೇ ಕದ್ದು ಕ್ಯಾಮೆರಾ ಇಟ್ಟಾಗ ನೋಡೋಳೇ ನೋಟಕ್ಕೆ ಸಿಕ್ತಾಳೆ. ನಾಲ್ಕರಲ್ಲಿ "ಲೆಜ್ ಗರ್ಲ್ಸ್" ಅನ್ನೋ ಕಥೆ ಬರೆದು ಅದನ್ನೇ ಅವಳು ಗೆಳತಿಯರಿಗೆ ಮಾಡ್ತಾಳೆ. ಹಾಗಾಗಿ "ಜೆನ್ನಿ ಒಳ್ಳೆಯವಳಾ" ಅಂತ ಕೇಳಬೇಡಿ. ಪ್ರತಿ ಎಪಿಸೋಡ್ ಆದ ಮೇಲೆ "ಈ ಸಲ ಯಾರು ಯಾರನ್ನ ಅವರಿಗೆ ಗೊತ್ತಿಲ್ಲದೆ ನೋಡಿದ್ರು" ಅಂತ ಕೇಳಿ, ಮಾತು ತಾನಾಗೇ ಹರಿಯುತ್ತೆ.

ಒಂದು ಎಚ್ಚರಿಕೆ: ಎರಡನೇ ಸೀಸನ್‌ನ ಕೊನೇದು, "ಲಕ್ಯೂನಾ". ಜೆನ್ನಿ ತನಗೆ ತಾನೇ ಗಾಯ ಮಾಡ್ಕೊಳ್ಳೋ ದೃಶ್ಯ ಇದೆ. ಗುಂಪಿಗೆ ಹಿಂದಿನ ವಾರವೇ ಹೇಳಿಡಿ, ಟಿವಿ ಹಚ್ಚಿದ ಮೇಲಲ್ಲ.

ಸಬ್‌ಟೈಟಲ್_ಸೀತಾ:
ಬೇರೆ ಕಡೆಯಿಂದ ಸಬ್‌ಟೈಟಲ್ ಇಳಿಸ್ಕೊಂಡ್ರೆ ಶುರುವಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ತಪ್ಪುತ್ತೆ. ಕಾರಣ ಫ್ರೇಮ್ ರೇಟ್, ಅಂದ್ರೆ ಸೆಕೆಂಡಿಗೆ ಎಷ್ಟು ಚಿತ್ರ ಓಡುತ್ತೆ ಅನ್ನೋದು. ಅಮೆರಿಕದ ಕಾಪಿ ಸೆಕೆಂಡಿಗೆ 23.976, ಯುರೋಪಿನದು 25. 52 ನಿಮಿಷದ ಎಪಿಸೋಡ್ ಯುರೋಪ್ ಕಾಪಿಯಲ್ಲಿ 50 ನಿಮಿಷಕ್ಕೇ ಮುಗಿಯುತ್ತೆ, ಅಂದ್ರೆ ಕೊನೇಲಿ ಎರಡು ನಿಮಿಷ ವ್ಯತ್ಯಾಸ. ವಿಎಲ್‌ಸಿ ವಿಡಿಯೊ ಪ್ಲೇಯರ್‌ನಲ್ಲಿ ಜಿ, ಎಚ್ ಕೀ ಒತ್ತಿದ್ರೆ 50 ಮಿಲಿಸೆಕೆಂಡ್ ಹಿಂದೆ ಮುಂದೆ ಸರಿಯುತ್ತೆ ಅಷ್ಟೆ, ಮೊದಲಿಂದ ಕೊನೇವರೆಗೂ ಒಂದೇ ಅಂತರ ಇದ್ದಾಗ ಮಾತ್ರ ಅದು ಸಾಕು. ಬೆಳೀತಾ ಹೋಗೋ ಅಂತರಕ್ಕೆ "ಸಬ್‌ಟೈಟಲ್ ಎಡಿಟ್" ಅನ್ನೋ ಸಾಫ್ಟ್‌ವೇರ್‌ನಲ್ಲಿ ಫೈಲ್ ತೆರೆದು ಫ್ರೇಮ್ ರೇಟ್ ಬದಲಿಸಿ ಸೇವ್ ಮಾಡಿ. ಅಮೆರಿಕದ ಡಿವಿಡಿ ಸೆಟ್ ಆದ್ರೆ ರೀಜನ್ 1, ಇಲ್ಲಿನ ಪ್ಲೇಯರ್‌ಗಳು ರೀಜನ್ 5. ಎಲ್ಲ ರೀಜನ್ ಓದೋ ಪ್ಲೇಯರ್ ಬೇಕು.

ನಾಲ್ಕನೇ ಸೀಸನ್‌ನಲ್ಲಿ ಬರೋ ಜೋಡಿ ಅನ್ನೋಳ ಪಾತ್ರ ಮಾಡಿರೋ ಮಾರ್ಲಿ ಮ್ಯಾಟ್ಲಿನ್ ನಿಜವಾಗಿಯೂ ಕಿವುಡರು. ಅವರ ದೃಶ್ಯಗಳಲ್ಲಿ ಮಾತು ಕೈಯಲ್ಲಿರುತ್ತೆ, ಆ ಹೊತ್ತಲ್ಲಿ ಅಡುಗೆಮನೆಗೆ ಹೋದ್ರೆ ಕಿವಿಗೆ ಏನೂ ಬೀಳಲ್ಲ. ಚಹಾ ಮೊದಲೇ ಮಾಡಿಟ್ಕೊಳ್ಳಿ.

ಡೇನಾ_ನೆನಪು:
ಮೂರನೇ ಸೀಸನ್‌ಗೆ ವಾರಕ್ಕೆ ಎರಡು ಅನ್ನೋ ಲೆಕ್ಕ ಹಿಡಿಬೇಡಿ. "ಲೂಸಿಂಗ್ ದ ಲೈಟ್" ಒಂದೇ ನೋಡಿ ನಿಲ್ಲಿಸಿ. ಸ್ತನ ಕ್ಯಾನ್ಸರ್ ಇರೋ ಡೇನಾ ಆಸ್ಪತ್ರೆಯಲ್ಲಿ ಹೋಗಿಬಿಡ್ತಾಳೆ, ಆ ಗಳಿಗೆಯಲ್ಲಿ ಆಲಿಸ್ ಪಕ್ಕದಲ್ಲಿರಲ್ಲ. ಮುಂದಿನ ವಾರ "ಲಾಸ್ಟ್ ಡಾನ್ಸ್". ನಮ್ಮ ಕಡೆಯವರಿಗೆ ಇಡೀ ಸೀರಿಯಲ್‌ನಲ್ಲಿ ಅತಿ ಹತ್ತಿರದ್ದು ಇದೇ ಅಂತ ನನ್ನ ಅಭಿಪ್ರಾಯ. ಅಂತ್ಯಕ್ರಿಯೆ ಮನೆಯವರ ಕೈಲಿದೆ, ಪಾದ್ರಿ ಡೇನಾ ಬಗ್ಗೆ ಮಾತಾಡೋವಾಗ ಅವಳು ಲೆಸ್ಬಿಯನ್ ಅನ್ನೋದೇ ಇಲ್ಲದ ಹಾಗೆ ಮಾತಾಡ್ತಾರೆ. ಆಲಿಸ್ ಎದ್ದು ಎಲ್ಲರ ಮುಂದೆ ಹೇಳಿಬಿಡ್ತಾಳೆ. ಆಮೇಲೆ ಗೆಳತಿಯರು ಬೂದಿ ತಂದು ಜಲಪಾತದಲ್ಲಿ ಬಿಡ್ತಾರೆ. ಹೆಣದ ಮೇಲೆ ಹಕ್ಕು ಯಾರದು, ಆಸ್ಪತ್ರೆ ಫಾರ್ಮಲ್ಲಿ ಸಹಿ ಯಾರದು, ಈ ಪ್ರಶ್ನೆಗೆ ಇಲ್ಲಿ ಇವತ್ತಿಗೂ ಹೆಚ್ಚಾಗಿ ರಕ್ತಸಂಬಂಧದ್ದೇ ಉತ್ತರ. ಅದೇ ಸೀಸನ್‌ನಲ್ಲಿ ಟೀನಾ ಹೆತ್ತ ಮಗುವನ್ನ ಬೆಟ್ ದತ್ತು ತಗೊಳ್ಳೋಕೆ ಒದ್ದಾಡೋದೂ ಇದೆ. ನಮ್ಮಲ್ಲಿ ಮದುವೆಯಾಗದ ಇಬ್ಬರು ಸೇರಿ ದತ್ತು ತಗೊಳ್ಳೋಕೆ ಬರಲ್ಲ. 2023ರ ಅಕ್ಟೋಬರ್ ತೀರ್ಪಲ್ಲಿ ಸುಪ್ರೀಂ ಕೋರ್ಟ್ 3-2ರ ಬಹುಮತದಲ್ಲಿ ಅದನ್ನೇ ಉಳಿಸ್ತು. ಆ ಸಂಜೆ ಒಂದು ಗಂಟೆ ಮಾತು ಸಾಲಲ್ಲ.

ಮ್ಯಾಕ್ಸ್ ಬಗ್ಗೆ ಯಾರೂ ಹೇಳಲಿಲ್ಲ. ಟ್ರಾನ್ಸ್ ಗಂಡಸಿನ ಪಾತ್ರ ಟಿವಿಯಲ್ಲಿ ತೀರಾ ಅಪರೂಪವಾಗಿದ್ದ ಕಾಲ ಅದು, ಆದ್ರೆ ಬರವಣಿಗೆ ಅವನಿಗೆ ಅನ್ಯಾಯ ಮಾಡಿದೆ. ಡಾಕ್ಟರ್ ಇಲ್ಲದೆ ಟೆಸ್ಟೋಸ್ಟೆರಾನ್ ತಗೊಳ್ಳೋದು, ತಗೊಂಡ ಕೂಡಲೇ ಸಿಡುಕೋನಾಗೋದು, ಅದನ್ನೇ ಅವನ ಗುಣ ಅನ್ನೋ ಹಾಗೆ ತೋರಿಸಿದ್ದಾರೆ. ಗುಂಪಲ್ಲಿ ಟ್ರಾನ್ಸ್ ಗೆಳೆಯರಿದ್ರೆ ಮೊದಲೇ ತಿಳಿಸಿ, ಅವರು ಬೇಡ ಅಂದ ದೃಶ್ಯ ದಾಟಿಸಿ. ಜನರೇಷನ್ ಕ್ಯೂ ಮೂರನೇ ಸೀಸನ್‌ನಲ್ಲಿ ಮ್ಯಾಕ್ಸ್ ಮತ್ತೆ ಬರ್ತಾನಲ್ಲ, ನಿಮ್ಮ ಹೊಸಬರು ಅದನ್ನ ನೋಡಿರ್ತಾರೆ. ಇಲ್ಲಿ ಅವರೇ ನಿಮಗಿಂತ ಚೆನ್ನಾಗಿ ಮಾತಾಡಬಲ್ಲರು.

ಸಂಪಿಗೆ_ರಸ್ತೆ:
ಆರನೇದು ಪೂರ್ತಿ ನೋಡೋದೇ ಸರಿ ಅನ್ಸುತ್ತೆ, 58 ಆಯ್ತು. ಟೀನಾ ಮೂರನೇ ಸೀಸನ್‌ನಲ್ಲಿ ಹೆನ್ರಿ ಅನ್ನೋ ಗಂಡಸಿನ ಜೊತೆ ಹೋದಾಗ ಗೆಳತಿಯರು ಅವಳನ್ನ ನಡೆಸಿಕೊಳ್ಳೋ ರೀತಿ ಬಗ್ಗೆ ಏನಾದ್ರೂ? ನಮ್ಮಲ್ಲೊಬ್ಬರು ಬೈ (ಬೈಸೆಕ್ಷುಯಲ್).

ಶೆಕ್ಟರ್_ಪರ:
ಹಾಗಿದ್ರೆ ಮೊದಲ ಸೀಸನ್‌ನಿಂದಲೇ ಆಲಿಸ್ ಮೇಲೆ ಕಣ್ಣಿಡಿ. ಶುರುವಲ್ಲಿ ತಾನು ಬೈ ಅಂತ ಧೈರ್ಯವಾಗಿ ಹೇಳ್ಕೊಳ್ಳೋಳು ಅವಳೊಬ್ಬಳೇ, ಡೇನಾ ಅದಕ್ಕೆ ಅವಳನ್ನ ಕೆಣಕ್ತಾನೇ ಇರ್ತಾಳೆ. ಮೂರನೇ ಸೀಸನ್‌ಗೆ ಬರೋ ಹೊತ್ತಿಗೆ ಟೀನಾಳನ್ನ ದೂರ ಇಡೋರಲ್ಲಿ ಆಲಿಸ್ ಎಲ್ಲಿ ನಿಲ್ತಾಳೆ ಅಂತ ನೋಡಿ. ಆ ಪ್ರಶ್ನೆಯನ್ನ ನಿಮ್ಮ ಗೆಳತಿಯೇ ಗುಂಪಿಗೆ ಕೇಳಲಿ, ಬೇರೆಯವರು ಅವರ ಪರವಾಗಿ ಕೇಳೋದು ಬೇಡ.