ಸಿನಿಮಾ ಕಥೆ ನಿಜವಾಗಿ ನಡೆದದ್ದಾ, ಕಾದಂಬರಿಯದಾ? ನೀವು ಹೇಗೆ ಪತ್ತೆ ಮಾಡ್ತೀರಿ?

ಸಿನಿಮಾ ಮುಗಿದ ತಕ್ಷಣ ನನ್ನ ಮಗಳು ಕೇಳುವುದು ಒಂದೇ: "ಇದು ನಿಜವಾಗ್ಲೂ ನಡೆದಿತ್ತಾ?" ಜಾಸ್ತಿ ಸಲ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಯಾವುದು ಪುಸ್ತಕದಿಂದ ಬಂತು, ಯಾವುದು ನಡೆದದ್ದು ಅಂತ ನೀವೆಲ್ಲ ಹೇಗೆ ತಿಳಿದುಕೊಳ್ಳುತ್ತೀರಿ? ಗೊತ್ತಿದ್ದವರು ದಯವಿಟ್ಟು ಹೇಳಿ.

*

ಹೆಸರುಗಳು ಬರುವಾಗ ಗಮನವಿಟ್ಟು ನೋಡಿ. ಪುಸ್ತಕದಿಂದ ಬಂದಿದ್ದರೆ ಸಾಮಾನ್ಯವಾಗಿ ಅಲ್ಲಿ ಹಾಕಿರುತ್ತಾರೆ. ಸಿನಿಮಾ ಹೆಸರನ್ನೇ ಹಿಡಿದು ಪುಸ್ತಕ ಹುಡುಕಿದರೆ ಕೆಲವು ಸಲ ಸಿಗುವುದಿಲ್ಲ. 'ಸ್ಲಮ್‌ಡಾಗ್ ಮಿಲಿಯನೇರ್' ಬಂದದ್ದು ವಿಕಾಸ್ ಸ್ವರೂಪ್ ಅವರ 'ಕ್ಯೂ ಅಂಡ್ ಎ' ಕಾದಂಬರಿಯಿಂದ. 1972ರ 'ನಾಗರಹಾವು' ಅಂತೂ ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಮಾಡಿದ್ದು. 'ನಾಗರಹಾವು' ಜೊತೆಗೆ 'ಒಂದು ಗಂಡು ಎರಡು ಹೆಣ್ಣು', 'ಸರ್ಪಮತ್ಸರ' ಕೂಡ ಓದಿ. ನನಗೆ ಸಿನಿಮಾದಷ್ಟೇ ಇಷ್ಟವಾದವು.

ಹಾಲಿವುಡ್ ಸಿನಿಮಾ ಆದರೆ ಇನ್ನೊಂದು ಸುಲಭದ ದಾರಿ ಇದೆ. ಆಸ್ಕರ್‌ನಲ್ಲಿ ಸ್ವಂತ ಚಿತ್ರಕಥೆಗೆ ಒಂದು ಪ್ರಶಸ್ತಿ, ಬೇರೆ ಕೃತಿಯಿಂದ ತೆಗೆದುಕೊಂಡ ಚಿತ್ರಕಥೆಗೆ ಇನ್ನೊಂದು. ಯಾವ ಪಟ್ಟಿಯಲ್ಲಿತ್ತು ಅಂತ ನೋಡಿದರೆ ಸಾಕು.

*

ಪುಸ್ತಕದ ವಿಷಯಕ್ಕೆ ಅದು ಸರಿ. ಆದರೆ 'ನಿಜ ಘಟನೆ' ಅಂತ ಬರೆದಿದ್ದನ್ನು ಮಾತ್ರ ಸುಮ್ನೆ ನಂಬಬೇಡಿ. 1996ರ 'ಫಾರ್ಗೋ' ಶುರುವಾಗುವುದೇ ಅಂಥ ಬರಹದಿಂದ. ಇದು 1987ರಲ್ಲಿ ಮಿನೆಸೋಟಾದಲ್ಲಿ ನಡೆದದ್ದು, ಬದುಕುಳಿದವರು ಕೇಳಿಕೊಂಡಿದ್ದಕ್ಕೆ ಹೆಸರು ಬದಲಿಸಿದ್ದೇವೆ, ಸತ್ತವರ ಮೇಲಿನ ಗೌರವಕ್ಕೆ ಉಳಿದದ್ದೆಲ್ಲ ನಡೆದ ಹಾಗೇ ಹೇಳಿದ್ದೇವೆ ಅಂತ. ಓದಿದರೆ ಮೈ ಜುಂ ಅನ್ನುತ್ತದೆ. ಆದರೆ ಆ ಕಥೆ ಕಟ್ಟಿದ್ದು!

ನಿಜ ಜೀವನದ ಸಿನಿಮಾದಲ್ಲೂ ಸೇರಿಸಿದ್ದು ಇರುತ್ತದೆ. ಕುಸ್ತಿಪಟು ಗೀತಾ ಫೋಗಟ್ 2010ರ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಚಿನ್ನ ಗೆದ್ದದ್ದು ನಿಜ. 'ದಂಗಲ್'ನಲ್ಲಿ ಫೈನಲ್ ಹೊತ್ತಿಗೆ ಅಪ್ಪನನ್ನು ಕೋಣೆಯಲ್ಲಿ ಕೂಡಿ ಹಾಕುತ್ತಾರಲ್ವಾ, ಅದು ನಡೆದೇ ಇಲ್ಲ. ಹಾಗಾಗಿ ನಾನು ಆ ಕಾಲದ ಪತ್ರಿಕೆ ವರದಿ ಹುಡುಕಿ ಓದುತ್ತೇನೆ. ಸ್ವಲ್ಪ ಹೊತ್ತು ಹಿಡಿಯುತ್ತದೆ, ಆದರೆ ಅದರಷ್ಟು ಖುಷಿ ಕೊಡುವ ಕೆಲಸ ಇನ್ನೊಂದಿಲ್ಲ.

*

ಕಾದಂಬರಿನಾ, ನಿಜನಾ ಅಂತ ಕೇಳಿದರೆ ಕೆಲವಕ್ಕೆ ಎರಡೂ ಅನ್ನಬೇಕಾಗುತ್ತದೆ. 'ಶಿಂಡ್ಲರ್ಸ್ ಲಿಸ್ಟ್' ತೆಗೆದುಕೊಳ್ಳಿ. 1980ರಲ್ಲಿ ಲೇಖಕ ಥಾಮಸ್ ಕೆನೀಲಿ ಬ್ರೀಫ್‌ಕೇಸ್ ಕೊಳ್ಳಲು ಲಾಸ್ ಏಂಜಲೀಸ್ ಹತ್ತಿರದ ಒಂದು ಅಂಗಡಿಗೆ ಹೋಗುತ್ತಾರೆ. ಅಂಗಡಿಯವರು, ಎರಡನೇ ಮಹಾಯುದ್ಧದ ಹೊತ್ತಿಗೆ ಜರ್ಮನ್ ಉದ್ಯಮಿ ಶಿಂಡ್ಲರ್ ನಾಜಿಗಳಿಂದ ಉಳಿಸಿದ ಯಹೂದಿಗಳಲ್ಲಿ ಒಬ್ಬರು. ಲೇಖಕರು ಅಂತ ಗೊತ್ತಾದ ಕೂಡಲೇ ತಮ್ಮ ಹತ್ತಿರ ಇದ್ದ ಕಾಗದಪತ್ರ ತೆಗೆದು ತೋರಿಸುತ್ತಾರೆ. ಕೆನೀಲಿ ಬದುಕುಳಿದವರನ್ನು ಹುಡುಕಿ ಮಾತಾಡಿಸಿ ಬರೆದದ್ದು 'ಶಿಂಡ್ಲರ್ಸ್ ಆರ್ಕ್'. ಅದು ಕಾದಂಬರಿ ಅಂತಲೇ 1982ರಲ್ಲಿ ಬುಕರ್ ಪ್ರಶಸ್ತಿ ಪಡೆಯಿತು. ಸಿನಿಮಾ ಬಂದದ್ದು 1993ರಲ್ಲಿ. ಇಂಥ ಪುಸ್ತಕ ಸಿಕ್ಕರೆ ಲೇಖಕರ ಮಾತು ಬಿಡದೆ ಓದಿ. ಯಾರನ್ನು ಕೇಳಿ ಬರೆದರು ಅಂತ ಅವರೇ ಹೇಳಿರುತ್ತಾರೆ.

ಅಂದ ಹಾಗೆ, ಮಗಳು ಈಗ ಯಾವ ಸಿನಿಮಾ ಬಗ್ಗೆ ಕೇಳಿದಳು? ಹೆಸರು ಹಾಕಿ, ನೋಡಿದವರು ಯಾರಾದರೂ ಹೇಳ್ತಾರೆ.